ಐವತ್ನಾಲ್ಕು ಗಂಟೆಗಳ ಉದ್ಯಮ

ನವೋದ್ಯಮ ಎಂಬ ಶಬ್ದ ನಾನು ಪಾಠ ಹೇಳುತ್ತಿದ್ದ ಕಾಲದ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಉದ್ಯಮವೆಂದರೆ ಕಾರ್ಖಾನೆ, ಕಾರ್ಖಾನೆಯೆಂದರೆ ಹೊಗೆ ಉಗುಳುವ ಚಿಮಣಿ ಎಂಬ ಚಿತ್ರವೇ ಮಕ್ಕಳ ಕಣ್ಣೆದುರು ನಿಲ್ಲುತ್ತಿತ್ತು. ಲಿಂಗಸುಗೂರು ತಾಲ್ಲೂಕಿನ ನಮ್ಮ ಮಕ್ಕಳಿಗಂತೂ ಉದ್ಯಮವೆಂದರೆ ಹಟ್ಟಿಯ ಚಿನ್ನದ ಗಣಿ. ಅಲ್ಲಿ ನೌಕರಿ ಸಿಕ್ಕರೆ ಬದುಕು ದಡ ಸೇರಿದಂತೆ. ಉದ್ಯಮವನ್ನು ತಾನೇ ಕಟ್ಟಬಹುದು, ಅದೂ ಶುಕ್ರವಾರ ಸಂಜೆ ಆರಂಭಿಸಿ ಭಾನುವಾರ ರಾತ್ರಿಯೊಳಗೆ ಕಟ್ಟಬಹುದು ಎಂದು ಅಂದು ಯಾರಾದರೂ ಹೇಳಿದ್ದರೆ, ತರಗತಿಯ ಕೊನೆಯ ಸಾಲಿನಿಂದ ನಗೆಯ ಅಲೆಯೇ ಎದ್ದುಬಿಡುತ್ತಿತ್ತು.

ಇಂದು ಆ ಮಾತಿಗೆ ಯಾರೂ ನಗುವುದಿಲ್ಲ. 2007ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನಲ್ಲಿ ಆಂಡ್ರ್ಯೂ ಹೈಡ್ ಎಂಬಾತ ಒಂದಷ್ಟು ಜನರನ್ನು ಒಂದೆಡೆ ಕೂಡಿಸಿ ವಾರಾಂತ್ಯದಲ್ಲಿ ಕಂಪನಿ ಕಟ್ಟುವ ಪ್ರಯೋಗ ಮಾಡಿದ. ಅದಕ್ಕೆ ‘ಸ್ಟಾರ್ಟಪ್ ವೀಕೆಂಡ್’ ಎಂದು ಹೆಸರಾಯಿತು. ಅದರ ಕ್ರಮ ಸರಳವಾದದ್ದು. ಶುಕ್ರವಾರ ಸಂಜೆ, ಮನಸ್ಸಿದ್ದವರೆಲ್ಲ ಎದ್ದು ನಿಂತು ತಮ್ಮ ವಿಚಾರವನ್ನು ಒಂದು ನಿಮಿಷದಲ್ಲಿ ಹೇಳಬೇಕು. ಸೇರಿದವರು ಮತ ಹಾಕಿ ಕೆಲವು ವಿಚಾರಗಳನ್ನು ಆರಿಸುತ್ತಾರೆ. ಒಂದೊಂದು ವಿಚಾರದ ಸುತ್ತ ಒಂದೊಂದು ತಂಡ ಕೂಡುತ್ತದೆ. ಶನಿವಾರ ಮತ್ತು ಭಾನುವಾರ ಮಾದರಿ ಸಿದ್ಧಪಡಿಸುವುದು, ಗಿರಾಕಿಗಳನ್ನು ಮಾತನಾಡಿಸುವುದು, ಲಾಭನಷ್ಟದ ಲೆಕ್ಕ ಹಾಕುವುದು. ಭಾನುವಾರ ಸಂಜೆ ತೀರ್ಪುಗಾರರ ಮುಂದೆ ಮಂಡನೆ. ಒಟ್ಟು 54 ಗಂಟೆ. 2011ರಲ್ಲಿ ಮಿಸ್ಸೌರಿಯ ಕೊಲಂಬಿಯಾದಲ್ಲಿ ನಡೆದ ಇಂಥದೇ ಒಂದು ಸ್ಪರ್ಧೆಯಲ್ಲಿ ಮೂವರು ಗೆಳೆಯರು ಕಟ್ಟಿದ ಮಾದರಿಯೊಂದು ಮುಂದೆ ‘ಝೇಪಿಯರ್’ ಎಂಬ ದೊಡ್ಡ ಕಂಪನಿಯಾಗಿ ಬೆಳೆಯಿತು. ಈ ಸ್ಪರ್ಧೆಗಳ ಕೀರ್ತಿ ಹಬ್ಬಿದ್ದು ಇಂಥ ಕಥೆಗಳಿಂದ.

ನಮ್ಮ ನಾಡಿಗೂ ಈ ಗಾಳಿ ಬೀಸಲು ತಡವಾಗಲಿಲ್ಲ. ಕರ್ನಾಟಕ ಸರ್ಕಾರ 2015ರಲ್ಲಿ ನವೋದ್ಯಮ ನೀತಿಯನ್ನು ತಂದಿತು. 2016ರ ಜನವರಿ 16ರಂದು ಕೇಂದ್ರದ ‘ಸ್ಟಾರ್ಟಪ್ ಇಂಡಿಯಾ’ ಯೋಜನೆಗೆ ಚಾಲನೆ ದೊರೆಯಿತು. 2017ರಲ್ಲಿ ರಾಜ್ಯದ ‘ಎಲಿವೇಟ್’ ಸ್ಪರ್ಧೆ ಆರಂಭವಾಯಿತು. ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನ ಹೊಸ ಉದ್ಯಮಿಗಳಿಗೆ ನೆಲೆಯೊದಗಿಸಿತು. ತಾಂತ್ರಿಕ ಕಾಲೇಜುಗಳಲ್ಲಿ ಎರಡು ದಿನ, ಮೂರು ದಿನಗಳ ಸ್ಪರ್ಧೆಗಳು ವಾರ್ಷಿಕೋತ್ಸವದಷ್ಟೇ ಸಾಮಾನ್ಯವಾದವು.

ಶಿಕ್ಷಕನಾದವನಿಗೆ ಇದನ್ನು ಕಂಡಾಗ ನೆನಪಾಗುವುದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನ. ಥರ್ಮಾಕೋಲ್, ಬಣ್ಣದ ಕಾಗದ, ಸೈಕಲ್ಲಿನ ಡೈನಮೊ ಇವಿಷ್ಟರಿಂದ ನಮ್ಮ ಮಕ್ಕಳು ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುತ್ತಿದ್ದರು. ವಾರದಲ್ಲೊಂದು ಮಾತು ಆಡದ ಹುಡುಗ ಆ ದಿನ ತನ್ನ ಮಾದರಿಯ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಗಟ್ಟಿಯಾಗಿ ವಿವರಿಸುತ್ತಿದ್ದ. ಆದರೆ ಸೋಮವಾರ ಆ ಅಣೆಕಟ್ಟು ಉಗ್ರಾಣದ ಮೂಲೆ ಸೇರುತ್ತಿತ್ತು. ಮಗುವಿನಲ್ಲಿ ಉಳಿದ ಧೈರ್ಯವೇ ಅಂದಿನ ನಿಜವಾದ ಉತ್ಪನ್ನ. ಥರ್ಮಾಕೋಲಿನ ಅಣೆಕಟ್ಟು ಅದಕ್ಕೊಂದು ನೆಪ ಮಾತ್ರ. ವಾರಾಂತ್ಯದ ಸ್ಪರ್ಧೆಯನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ಅಪರಿಚಿತರೊಡನೆ ಕೂಡಿ ದುಡಿಯುವುದನ್ನು, ತನ್ನ ವಿಚಾರವನ್ನು ಒಂದು ನಿಮಿಷದಲ್ಲಿ ಹೇಳುವುದನ್ನು, ಸೋತ ಮೇಲೂ ಗೆದ್ದವನ ಕೈ ಕುಲುಕುವುದನ್ನು ಅದು ಕಲಿಸುತ್ತದೆ. ಇದು ಸಣ್ಣ ವಿದ್ಯೆಯಲ್ಲ.

ತೊಡಕು ಹುಟ್ಟುವುದು ಥರ್ಮಾಕೋಲಿನ ಅಣೆಕಟ್ಟನ್ನು ನಿಜವಾದ ಅಣೆಕಟ್ಟೆಂದು ಮನೆಯವರೆಲ್ಲ ನಂಬಿದಾಗ.

2023ರ ಅಕ್ಟೋಬರಿನಲ್ಲಿ ನಮ್ಮ ತಾಲ್ಲೂಕಿನ ಹಳ್ಳಿಯೊಂದರ ರೈತರು ನಮ್ಮ ಮನೆಗೆ ಬಂದರು. ಅವರ ಮಗ ನನ್ನಲ್ಲಿ ಓದಿದವನು, ಆಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಮೂರು ದಿನಗಳ ಸ್ಪರ್ಧೆಯೊಂದರಲ್ಲಿ ಅವನ ತಂಡಕ್ಕೆ ಮೊದಲ ಬಹುಮಾನ ಬಂದಿತ್ತು. ತೊಗರಿ ರಾಶಿಯ ಕಾಲಕ್ಕೆ ಕಟಾವು ಯಂತ್ರಗಳನ್ನು ರೈತರು ಮೊಬೈಲಿನಲ್ಲೇ ಕಾಯ್ದಿರಿಸಿಕೊಳ್ಳುವ ವ್ಯವಸ್ಥೆ ಅವರ ವಿಚಾರ. ಕುರ್ಚಿಯ ತುದಿಯಲ್ಲಿ ಕುಳಿತು, ಹೆಗಲ ಮೇಲಿನ ಟವೆಲನ್ನು ಮಡಿಸುತ್ತ ಬಿಚ್ಚುತ್ತ ಆ ತಂದೆ ಹೇಳಿದರು:

“ಸರ್, ನೌಕರಿ ಬಿಡ್ತೀನಿ ಅಂತಾನ್ರಿ. ಕೆನಾಲ್ ಬಾಜೂಕಿನ ಎರಡು ಎಕರೆ ಮಾರಿದ್ರ ಕಂಪನಿ ಹಾಕ್ತೀನಿ ಅಂತಾನ. ಬಹುಮಾನ ಬಂದೈತಿ, ಇಲ್ಲಂತ ಹೆಂಗ ಅನ್ನಬೇಕ್ರಿ? ನೀವರ ಒಂದ್ ಮಾತ್ ಹೇಳ್ರಿ.”

ನೀರು ಹರಿಯುವ ಎರಡು ಎಕರೆ ನಮ್ಮ ಭಾಗದಲ್ಲಿ ಏನೆಂಬುದನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಿಲ್ಲ. ಅದು ಹೋದರೆ ತಿರುಗಿ ಬರುವುದಿಲ್ಲ. ಇತ್ತ ಮಗನ ಉತ್ಸಾಹವೂ ಒಮ್ಮೆ ಮುರಿದರೆ ತಿರುಗಿ ಬರುವುದು ಕಷ್ಟ. ಎರಡರಲ್ಲಿ ಯಾವುದನ್ನೂ ಕಳೆಯದ ದಾರಿ ಬೇಕಾಗಿತ್ತು. ದೀಪಾವಳಿಗೆ ಬಂದಾಗ ಮಗನನ್ನು ನನ್ನ ಬಳಿಗೆ ಕಳಿಸಿರೆಂದು ಹೇಳಿದೆ.

ಹುಡುಗ ಬಂದ. ಲ್ಯಾಪ್‌ಟಾಪ್ ತೆರೆದು ತನ್ನ ಮಂಡನೆಯನ್ನು ತೋರಿಸಿದ, ಅಚ್ಚುಕಟ್ಟಾಗಿತ್ತು. “ರೈತರನ್ನು ಕೇಳಿದಿಯಾ?” ಎಂದೆ. ಸ್ಪರ್ಧೆಯ ಶನಿವಾರ ಹನ್ನೆರಡು ಮಂದಿಗೆ ಫೋನ್ ಮಾಡಿದ್ದನಂತೆ, ಹನ್ನೆರಡೂ ಮಂದಿ ಬೇಕೆಂದರಂತೆ. ನನಗೆ ನಗು ಬಂತು. ನಮ್ಮ ಕಡೆಯ ಹಿರಿಯರು ಪರಿಚಯದ ಹುಡುಗ ಕೇಳಿದರೆ ಬೇಡವೆನ್ನುವುದುಂಟೆ? “ಚಲೋ ಐತಿ ತಮ್ಮಾ, ಮಾಡು” ಎಂದೇ ಎನ್ನುತ್ತಾರೆ. ಅದು ಸೌಜನ್ಯ, ವ್ಯಾಪಾರದ ಒಪ್ಪಿಗೆಯಲ್ಲ. ನೂರು ರೂಪಾಯಿ ಮುಂಗಡ ಕೇಳಿದಾಗ ಕೈ ಜೇಬಿಗೆ ಹೋಗುತ್ತದೆಯೋ ಇಲ್ಲವೋ ಎಂಬುದೇ ನಿಜವಾದ ಉತ್ತರ ಎಂದೆ.

ಆಮೇಲೆ ಅವನಿಗೆ ಕೆಲವು ಉದಾಹರಣೆಗಳನ್ನು ಹೇಳಿದೆ. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಉಳಿದ ಫಣೀಂದ್ರ ಸಾಮ ಎಂಬ ಎಂಜಿನಿಯರ್ ಮರುವರ್ಷ ಗೆಳೆಯರೊಡನೆ ‘ರೆಡ್‌ಬಸ್’ ಆರಂಭಿಸಿದರು. ರಾತ್ರಿ ಬಸ್ಸಿಗಾಗಿ ಪರದಾಡುವ ನಮ್ಮ ಊರಿನವರಿಗೆ ಆ ಸಂಕಟ ಹೊಸದಲ್ಲ. ಆದರೆ ಅವರ ವಿಚಾರ ವ್ಯಾಪಾರವಾದದ್ದು ಬಸ್ ಮಾಲೀಕರು, ಟಿಕೆಟ್ ಏಜೆಂಟರು ಇವರ ಬಳಿಗೆ ಓಡಾಡಿ ಆ ವ್ಯವಹಾರದ ಒಳಗನ್ನು ಅರಿತ ಮೇಲೆ.

ಇನ್ನೂ ಹಿಂದಕ್ಕೆ ಹೋದರೆ ಉಡುಪಿ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಸಂಸ್ಥೆಯೊಂದನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಬರೆದುಕೊಳ್ಳುತ್ತಿದ್ದ. ದಿನಗೂಲಿಯವನ ಕೈಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ, ಸಂಜೆಗೆ ಮಾತ್ರ ಎರಡಾಣೆ ಇರುತ್ತದೆ ಎಂಬ ತಿಳಿವಳಿಕೆಯೇ ಆ ಯೋಜನೆಯ ಜೀವ. 1995ರಲ್ಲಿ ‘ಸೆಲ್ಕೊ’ ಸಂಸ್ಥೆಯನ್ನು ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಹೇಳುತ್ತ ಬಂದದ್ದೂ ಇಂಥದೇ ಮಾತು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಹೊರೆ, ದಿನಕ್ಕೆ 10 ರೂಪಾಯಿ ಹೊರೆಯಲ್ಲ. ಗಣಿತದಲ್ಲಿ ಎರಡೂ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. ಸೌರದೀಪ ಬಡವರ ಮನೆ ಸೇರಿದ್ದು ಈ ವ್ಯತ್ಯಾಸವನ್ನು ಗಮನಿಸಿ ಸಾಲದ ಕಂತು ಹೊಂದಿಸಿದ್ದರಿಂದ.

“ನಿನ್ನ ರೈತನ ಕೈಗೆ ಹಣ ಯಾವ ದಿನ ಬರುತ್ತದೆ, ಯಂತ್ರದವನಿಗೆ ಯಾವ ದಿನ ಬೇಕು, ಇದು ಗೊತ್ತೇ?” ಎಂದು ಕೇಳಿದೆ. ಹುಡುಗ ಸುಮ್ಮನಾದ. ಹೊಲ ಮಾರುವ ಮಾತು ಒಂದು ಸುಗ್ಗಿಯ ಮಟ್ಟಿಗೆ ಬದಿಗಿರಲಿ, ರಜೆ ಹಾಕಿ ಬಾ, ಆ್ಯಪ್ ಬೇಡ, ಒಂದು ನೋಟ್‌ಬುಕ್ಕು ಮತ್ತು ಒಂದು ಫೋನು ಸಾಕು, ನಾಲ್ಕು ಹಳ್ಳಿಗಳಲ್ಲಿ ನೀನೇ ಯಂತ್ರ ಗೊತ್ತು ಮಾಡಿಕೊಡು ಎಂದೆ. ಅರೆಮನಸ್ಸಿನಿಂದ ಒಪ್ಪಿದ.

ಡಿಸೆಂಬರಿನಿಂದ ಜನವರಿಯ ಕೊನೆಯವರೆಗೆ ಅವನು ತಂದೆಯ ಮೋಟಾರ್‌ಸೈಕಲ್ಲಿನಲ್ಲಿ ತಿರುಗಿದ. ನಲವತ್ತಕ್ಕೂ ಹೆಚ್ಚು ರೈತರ ಹೆಸರು ಆ ನೋಟ್‌ಬುಕ್ಕಿನಲ್ಲಿತ್ತು. ಅದರಿಂದ ಹೊರಬಿದ್ದ ಸಂಗತಿ ಅವನ ಮಂಡನೆಯಲ್ಲಿ ಎಲ್ಲಿಯೂ ಇರಲಿಲ್ಲ. ಯಂತ್ರ ಎಲ್ಲಿದೆಯೆಂದು ತಿಳಿಯದ ರೈತ ಒಬ್ಬನೂ ಇರಲಿಲ್ಲ. ಅದು ಹೋಟೆಲಿನ ಕಟ್ಟೆಯಲ್ಲಿ ಕುಳಿತರೆ ತಾನಾಗಿಯೇ ತಿಳಿಯುತ್ತದೆ. ತೊಂದರೆ ಬೇರೆ. ಯಂತ್ರದ ಮಾಲೀಕನಿಗೆ ಡೀಸೆಲ್ಲಿಗೂ ಡ್ರೈವರನ ಭತ್ಯೆಗೂ ಅಂದಂದೇ ನಗದು ಬೇಕು. ರೈತನಿಗೆ ಹಣ ಬರುವುದು ತೊಗರಿ ಅಡತಿ ಅಂಗಡಿ ಸೇರಿ, ತೂಕವಾಗಿ, ಪಟ್ಟಿಯಾದ ಮೇಲೆ. ಆದ್ದರಿಂದ ಯಂತ್ರ ಮೊದಲು ನಗದುಳ್ಳ ದೊಡ್ಡ ರೈತನ ಹೊಲಕ್ಕೆ ಹೋಗುತ್ತದೆ. ಮೂರು ನಾಲ್ಕು ಎಕರೆಯವನು ಕಾಯುತ್ತಾನೆ. ಕಾಯುವಷ್ಟರಲ್ಲಿ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆ. ಅವನ ತುಂಡು ಹೊಲಕ್ಕಾಗಿ ಅಷ್ಟು ದೂರ ಯಂತ್ರ ತರಲು ಮಾಲೀಕನಿಗೂ ಡೀಸೆಲ್ ಗಿಟ್ಟುವುದಿಲ್ಲ. ಕೊರತೆಯಿದ್ದದ್ದು ಮಾಹಿತಿಯದಲ್ಲ; ಹದಿನೈದು ಇಪ್ಪತ್ತು ದಿನಗಳ ಕೈಗಡದ್ದು, ಮತ್ತು ಪಕ್ಕಪಕ್ಕದ ಹೊಲದವರನ್ನು ಒಂದೇ ದಿನಕ್ಕೆ ಒಪ್ಪಿಸುವ ಮಧ್ಯಸ್ಥಿಕೆಯದ್ದು.

ಇದನ್ನು ಹೇಳಿದಾಗ ಹುಡುಗನ ಮುಖ ಸಣ್ಣದಾಗಿತ್ತು. ಬಹುಮಾನ ಗೆದ್ದ ವಿಚಾರ ಪೊಳ್ಳಾಯಿತಲ್ಲ ಎಂಬ ಸಂಕಟ. ನಾನು ಮಸ್ಕಿಯ ಕಥೆ ನೆನಪಿಸಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಸೀಮೆಯಲ್ಲಿ ಚಿನ್ನದ ನೆಲೆ ಹುಡುಕುತ್ತ ಬಂದವನು. ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಅಕ್ಷರಗಳು. ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕನೆಂದು ದೃಢಪಡಿಸಿದ ಶಾಸನ ಅದು. ಹುಡುಕಿದ್ದು ಸಿಗಲಿಲ್ಲವೆಂದು ಅವನು ಆ ಬಂಡೆಯನ್ನು ಬಿಟ್ಟು ಹೋಗಿದ್ದರೆ? “ನಿನಗೂ ಬಂಡೆ ಸಿಕ್ಕಿದೆ, ಓದು” ಎಂದೆ.

ಮುಂದೇನಾಯಿತೆಂದು ಓದುಗರು ಕೇಳಬಹುದು. ಇದು ಕೋಟಿ ರೂಪಾಯಿಯ ಕಥೆಯಲ್ಲ. ಹುಡುಗ ನೌಕರಿಯಲ್ಲಿಯೇ ಇದ್ದಾನೆ. ಮರುವರ್ಷದ ಸುಗ್ಗಿಯಲ್ಲಿ ಆ ಹಳ್ಳಿಗಳ ಪೈಕಿ ಎರಡರಲ್ಲಿ ಮಹಿಳಾ ಸ್ವಸಹಾಯ ಸಂಘದವರನ್ನು ಒಪ್ಪಿಸಿದ. ಯಂತ್ರದ ಬಾಡಿಗೆಯನ್ನು ಸಂಘ ಮುಂಗಡವಾಗಿ ಕೊಡುವುದು, ತೊಗರಿ ಮಾರಿದ ಮೇಲೆ ರೈತ ಸಣ್ಣ ಬಡ್ಡಿಯೊಡನೆ ತೀರಿಸುವುದು, ಒಂದು ದಿಕ್ಕಿನ ಹೊಲಗಳೆಲ್ಲ ಒಂದೇ ದಿನ ರಾಶಿಯಾಗುವುದು, ಇಷ್ಟು ಏರ್ಪಾಡು. ಇಬ್ಬರು ಬಾಕಿ ಉಳಿಸಿಕೊಂಡರು, ಉಳಿದವರು ತೀರಿಸಿದರು. ಅದು ಕಂಪನಿಯಾಗುವುದೋ ಇಲ್ಲವೋ ನಾನು ಹೇಳಲಾರೆ. ಎರಡು ಎಕರೆ ಮಾತ್ರ ಇದ್ದಲ್ಲಿಯೇ ಇದೆ.

ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಹಾಗೆಂದು ಯಾರೂ ಕಲ್ಲು ತೆಗೆಯುವುದನ್ನು ಬಿಡುವುದಿಲ್ಲ, ಬರಿಯ ಕಲ್ಲನ್ನು ಅಕ್ಕಸಾಲಿಗನ ಬಳಿಗೆ ಒಯ್ಯುವುದೂ ಇಲ್ಲ. ವಾರಾಂತ್ಯದ ಸ್ಪರ್ಧೆ ಕಲ್ಲು ತೆಗೆಯುವ ಕೆಲಸ; ಅರೆಯುವ ಕೆಲಸ ಸೋಮವಾರ ಆರಂಭವಾಗುತ್ತದೆ, ಅದಕ್ಕೆ ಚಪ್ಪಾಳೆ ಇರುವುದಿಲ್ಲ. ಸ್ಪರ್ಧೆ ನಡೆಸುವವರಲ್ಲಿ ನನ್ನ ಅರಿಕೆ ಎರಡೇ. ಬಹುಮಾನದ ಹಣವನ್ನು ಒಂದೇ ಸಂಜೆ ಕೊಟ್ಟು ಮುಗಿಸದೆ, ಅರ್ಧವನ್ನು ಆರು ತಿಂಗಳ ಬಳಿಕ, ಹುಡುಗರು ತಮ್ಮ ಗಿರಾಕಿಯೊಬ್ಬನನ್ನು ಕರೆತಂದಾಗ ಕೊಡಿ. ಹಾಗೆಯೇ ನಮ್ಮ ಭಾಗದ ಮಕ್ಕಳಿಗೆ ಆ ಒಂದು ನಿಮಿಷವನ್ನು ಕನ್ನಡದಲ್ಲಿ ಆಡಲು ಬಿಡಿ. ತೊಗರಿ, ಅಡತಿ, ಕೈಗಡ ಇವುಗಳ ನಿಜ ಅವರ ಬಾಯಲ್ಲಿ ತಡವರಿಸದೆ ಬರುವುದು ಆ ಭಾಷೆಯಲ್ಲಿಯೇ.

ತಂದೆ ತಾಯಂದಿರಿಗೆ ಹೇಳುವುದು ಇನ್ನೂ ಕಡಿಮೆ. ಮಗ ಬಹುಮಾನ ತಂದರೆ ಪೇಢೆ ಹಂಚಿರಿ. ಹೊಲದ ಪಹಣಿ ಮಾತ್ರ ಟ್ರಂಕಿನಲ್ಲಿಯೇ ಇರಲಿ.