ಲಗಾಮು ಹಿಡಿದ ಕೈ

ಕೋವಿ, ಬಂದೂಕು ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಮನೆಯವರಿಗೂ ಮಗನಿಗೂ ಮಾತ್ರ ಕುದುರೆ ಸವಾರರ ಇಂಗ್ಲಿಷ್ ಸಿನಿಮಾಗಳೆಂದರೆ ಪ್ರಾಣ. ಒಮ್ಮೆ ಅವರ ಜೊತೆ 1992ರ 'ಅನ್‌ಫರ್ಗಿವನ್' ನೋಡುತ್ತಿದ್ದೆ. ಅದರಲ್ಲೊಬ್ಬ ಹುಡುಗ ತನ್ನ ರಿವಾಲ್ವರಿನ ಹೆಸರನ್ನೇ ಇಟ್ಟುಕೊಂಡು 'ಸ್ಕೋಫೀಲ್ಡ್ ಕಿಡ್' ಎಂದು ಮೆರೆಯುತ್ತಾನೆ. ಯಾರಪ್ಪಾ ಈ ಸ್ಕೋಫೀಲ್ಡ್ ಎಂದು ಹುಡುಕಿಕೊಂಡು ಹೋದೆ.

ಜಾರ್ಜ್ ಸ್ಕೋಫೀಲ್ಡ್ ಅಮೆರಿಕದ ಸೇನೆಯಲ್ಲಿ ಮೇಜರ್. ಅಣ್ಣ ಜಾನ್ ಮುಂದೆ ಸೇನೆಗೇ ಮುಖ್ಯಸ್ಥನಾದ. ಹವಾಯಿಯಲ್ಲಿ ಅವನ ಹೆಸರಿನ ದೊಡ್ಡ ಠಾಣ್ಯವೇ ಇದೆ. ತಮ್ಮನ ಪಾಲಿಗೆ ಬಂದದ್ದು ಗಡಿಯ ಧೂಳು, ಕಪ್ಪು ಸೈನಿಕರ 10ನೇ ಅಶ್ವದಳ.

ಅವನ ಕಣ್ಣಿಗೆ ಬಿದ್ದದ್ದು ಸಣ್ಣ ತೊಡಕು. ಕುದುರೆ ಸವಾರನ ಒಂದು ಕೈ ಯಾವಾಗಲೂ ಲಗಾಮಿನಲ್ಲಿ. ಕೋಲ್ಟ್ ರಿವಾಲ್ವರಿನಿಂದ ಖಾಲಿ ತೋಟಾಗಳನ್ನು ಒಂದೊಂದಾಗಿ ಕಡ್ಡಿಯಿಂದ ದೂಡಿ ತೆಗೆಯಬೇಕು. ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರನ್ನು ನಡುವೆ ಮಡಚಿದರೆ ಆರೂ ಒಟ್ಟಿಗೆ ಹೊರಬೀಳುತ್ತಿದ್ದವು. ಆದರೆ ಅದರ ಚಿಲಕ ನಳಿಗೆಯ ಮೇಲಿತ್ತು, ಒಂದೇ ಕೈಗೆ ಒಗ್ಗುತ್ತಿರಲಿಲ್ಲ. ಸ್ಕೋಫೀಲ್ಡ್ ಆ ಚಿಲಕವನ್ನು ಹಿಂದಕ್ಕೆ, ಚೌಕಟ್ಟಿಗೆ ತಂದ. ಹೆಬ್ಬೆರಳಿನಿಂದ ಎಳೆದು, ನಳಿಗೆಯನ್ನು ತೊಡೆಗೆ ಒತ್ತಿದರೆ ತೆರೆದುಕೊಂಡಿತು! ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಒಂದೇ ಕೈಯಲ್ಲಿ ಡಬ್ಬಿಯ ಮುಚ್ಚಳದೊಡನೆ ಗುದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1871ರಲ್ಲಿ ಪೇಟೆಂಟ್ ಸಿಕ್ಕಿತು. 1875ರಿಂದ ಎರಡು ಮೂರು ವರ್ಷಗಳಲ್ಲಿ ಸೇನೆ ಸುಮಾರು 8,000 ಕೊಂಡಿತು. ಅಲ್ಲಿಗೆ ನಿಂತಿತು. ಇದರ ಗಿಡ್ಡ ತೋಟಾ ಕೋಲ್ಟಿಗೂ ಆಗುತ್ತಿತ್ತು; ಕೋಲ್ಟಿನ ಉದ್ದ ತೋಟಾ ಇದರೊಳಗೆ ಹಿಡಿಸುತ್ತಿರಲಿಲ್ಲ. ಉಗ್ರಾಣದಲ್ಲಿ ಎರಡೂ ಬೆರೆತರೆ ಗಡಿಯಲ್ಲಿದ್ದವನ ಗತಿಯೇನು?

ಇಷ್ಟು ಮೆಚ್ಚಿಕೊಂಡು ನಾಲಿಗೆ ಕಚ್ಚಿಕೊಳ್ಳುತ್ತೇನೆ. ಆ ಜಾಣ ಚಿಲಕದ ಮುಂದೆ ನಿಂತವರು ಯಾರು? ತಮ್ಮ ನೆಲ ಕಳೆದುಕೊಳ್ಳುತ್ತಿದ್ದ ಮೂಲನಿವಾಸಿಗಳು. ಸವಾರನ ಕೈಯ ಕಷ್ಟ ಕಂಡವನಿಗೆ ಅವರು ಕಾಣಲಿಲ್ಲವೇ ಎಂದು ಕೇಳಬಹುದು. ಆ ಕಾಲದ ಸಿಪಾಯಿಯನ್ನು ನಾನು ಇಲ್ಲಿ ಕೂತು ಕೇಳುವುದೂ ಸುಲಭವೇ.

1882ರ ಡಿಸೆಂಬರ್‌ನಲ್ಲಿ, ಅರಿಜೋನಾದ ಫೋರ್ಟ್ ಅಪಾಚೆಯಲ್ಲಿ, ಸ್ಕೋಫೀಲ್ಡ್ ತನಗೆ ತಾನೇ ಗುಂಡು ಹಾರಿಸಿಕೊಂಡ. ಐವತ್ತು ತುಂಬಿರಲಿಲ್ಲ. ಇದನ್ನು ಓದಿದ ದಿನ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಮೊನ್ನೆ ಆ ಸಿನಿಮಾ ಮತ್ತೆ ಹಾಕಿದರು. ಮೆರೆಯುತ್ತಿದ್ದ ಆ ಹುಡುಗ ನಿಜವಾಗಿ ಒಬ್ಬನನ್ನು ಕೊಂದ ಮೇಲೆ ಮರದ ಕೆಳಗೆ ಕೂತು ಅಳುತ್ತಾನೆ, ರಿವಾಲ್ವರನ್ನು ಜೊತೆಗಾರನಿಗೆ ಕೊಟ್ಟುಬಿಡುತ್ತಾನೆ. ಮುಂದೆ ಬರುವ ಹೊಡೆದಾಟಕ್ಕಾಗಿ ಕಾದಿದ್ದ ಮಗ ಅಷ್ಟರಲ್ಲಿ ನೀರು ಕುಡಿದು ಬರಲು ಎದ್ದು ಹೋದ. ನಾನು ಕೂತೇ ಇದ್ದೆ.