ಸುತ್ತು ತಪ್ಪಿದ ಲೆಕ್ಕ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಹಿರಿಯರ ಮಾತನ್ನು ನಾವು ಮನುಷ್ಯರ ವಿಷಯದಲ್ಲಿ ತಪ್ಪದೆ ಪಾಲಿಸುತ್ತೇವೆ. ಯಂತ್ರದ ವಿಷಯ ಬಂದರೆ ಮಾತ್ರ ಅದು ತೋರಿಸಿದ್ದೇ ವೇದವಾಕ್ಯ. ಈ ಪಕ್ಷಪಾತದಿಂದ ಒಬ್ಬ ತರುಣಿಯ ಮರ್ಯಾದೆಗೆ ಕುಂದು ಬರುವುದರಲ್ಲಿದ್ದ ಸಂಗತಿಯನ್ನು ಇಲ್ಲಿ ಹೇಳುತ್ತೇನೆ.

ಕಂಪ್ಯೂಟರುಗಳ ಸಂಪರ್ಕಜಾಲವನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯವರು ನನ್ನನ್ನು ಕರೆಸಿದರು. ಅಲ್ಲಿ ಸ್ಕ್ಯಾನ್ ಯಂತ್ರ ಒಂದು ಕಟ್ಟಡದಲ್ಲಿ; ಚಿತ್ರಗಳನ್ನು ನೋಡುವ ವೈದ್ಯರು ಇನ್ನೊಂದರಲ್ಲಿ. ಬೆಳಗಿನ ಹೊತ್ತು ಚಿತ್ರ ತಲುಪಲು ಅರ್ಧ ಗಂಟೆ ಹಿಡಿಯುತ್ತಿತ್ತು. ರೋಗಿಗಳು ಕಾಯುತ್ತಿದ್ದರು. "ಲೈನ್ ತುಂಬಿಹೋಗಿದೆ ಸಾರ್, ನನ್ನ ಕೈಯಲ್ಲಿ ಏನೂ ಇಲ್ಲ" ಎಂದು ಸ್ಕ್ಯಾನ್ ವಿಭಾಗದ ತರುಣಿ ಹೇಳುತ್ತಲೇ ಇದ್ದಳು. ಆಡಳಿತಾಧಿಕಾರಿಗಳು ಪರದೆಯ ಮೇಲಿನ ಗ್ರಾಫಿನತ್ತ ಬೆರಳು ತೋರಿಸುತ್ತಿದ್ದರು. ಸೆಕೆಂಡಿಗೆ 1,000 ಮೆಗಾಬಿಟ್ ಸಾಗಿಸಬಲ್ಲ ದಾರಿಯಲ್ಲಿ ಆಗ ಸಾಗುತ್ತಿದ್ದುದು ಬರೀ 84! ದಾರಿ ಖಾಲಿ, ಆದ್ದರಿಂದ ತಪ್ಪು ಆಕೆಯದೇ ಎಂದು ತೀರ್ಮಾನವಾಗಿತ್ತು. ವಿವರಣೆ ಕೇಳುವ ಪತ್ರ ಸಹಿಗೆ ಕಾದಿತ್ತು.

ಗ್ರಾಫು ಹುಟ್ಟುವ ಬಗೆ ಸರಳವಾದುದು. ದಾರಿಯ ತುದಿಯಲ್ಲಿರುವ ಯಂತ್ರದೊಳಗೆ, ಹಾದುಹೋದ ಬೈಟುಗಳನ್ನು ಎಣಿಸುವ ಮೀಟರೊಂದಿದೆ. ತಂತ್ರಾಂಶವು ವಿದ್ಯುತ್ ಇಲಾಖೆಯ ನೌಕರನಂತೆ ಆಗಾಗ ಬಂದು ಅಂಕಿಯನ್ನು ಓದಿಕೊಂಡು, ಹಿಂದಿನ ಅಂಕಿಯನ್ನು ಕಳೆದು, ಗೆರೆ ಎಳೆಯುತ್ತದೆ. 1995ರಲ್ಲಿ ಟೋಬಿ ಓಟಿಕರ್ ಹೊರತಂದ ಎಂ.ಆರ್.ಟಿ.ಜಿ. ಎಂಬ ತಂತ್ರಾಂಶದ ಕಾಲದಿಂದಲೂ ಐದು ನಿಮಿಷಕ್ಕೊಮ್ಮೆ ಓದುವುದು ವಾಡಿಕೆ.

ಹಳೆಯ ತಿಂಗಳುಗಳ ಗ್ರಾಫನ್ನೆಲ್ಲ ತಿರುವಿ ಹಾಕಿದೆ. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಒಮ್ಮೆಯೂ 115 ಮೆಗಾಬಿಟ್ಟನ್ನು ದಾಟಿರಲಿಲ್ಲ. ಅನುಮಾನ ಹುಟ್ಟಿದ್ದು ಅಲ್ಲಿಯೇ.

ಹಳೆಯ ಸ್ಕೂಟರಿನ ಮೀಟರು 99,999 ಆದೊಡನೆ ಸೊನ್ನೆಗೆ ಮರಳುವುದನ್ನು ಓದುಗರು ಕಂಡಿರಬಹುದು. 32 ಬಿಟ್ಟಿನ ಈ ಮೀಟರೂ 4,29,49,67,295 ಮುಟ್ಟಿದ ಮೇಲೆ ಸೊನ್ನೆಯಿಂದ ಆರಂಭಿಸುತ್ತದೆ. ಹಿಂದೆ ಅಲ್ಲಿದ್ದುದು 100 ಮೆಗಾಬಿಟ್ಟಿನ ದಾರಿ. ಅದು ತುಂಬಿ ಹರಿದರೂ ಒಂದು ಸುತ್ತಿಗೆ ಐದೂಮುಕ್ಕಾಲು ನಿಮಿಷ ಬೇಕು, ಲೆಕ್ಕ ತಪ್ಪದು. ದಾರಿ ಹತ್ತು ಪಟ್ಟು ಅಗಲವಾದಾಗ ಸುತ್ತು 34 ಸೆಕೆಂಡಿಗೆ ಇಳಿಯಿತು. ಐದು ನಿಮಿಷದಲ್ಲಿ 3,750 ಕೋಟಿ ಬೈಟು ಹಾದುಹೋದರೆ, ಮೀಟರು ಎಂಟು ಸುತ್ತು ಮುಗಿಸಿ, ಉಳಿದ 314 ಕೋಟಿಯನ್ನಷ್ಟೇ ತೋರಿಸುತ್ತದೆ. ಅದನ್ನು ಸೆಕೆಂಡಿಗೆ ಹಂಚಿದರೆ ಸಿಗುವುದು ಅದೇ 84! ಖಾಲಿ ಎಂದು ತೋರಿದ ದಾರಿ ನಿಜಕ್ಕೂ ಕಂಠಪೂರ್ತಿ ತುಂಬಿತ್ತು.

ಊಹೆಯನ್ನೇ ನಂಬಬಾರದಲ್ಲ! ಸಂಚಾರವಿಲ್ಲದ ನಡುರಾತ್ರಿ, ಐದು ನಿಮಿಷದೊಳಗೆ 10 ಗಿಗಾಬೈಟಿನ ಕಡತವೊಂದನ್ನು ಕಳುಹಿಸಿ ನೋಡಿದೆವು. ಗ್ರಾಫಿನ ಲೆಕ್ಕಕ್ಕೆ ಬಂದದ್ದು ಸುಮಾರು 1.4 ಮಾತ್ರ.

ಪರಿಹಾರಕ್ಕೆ ಕಾಸಿನ ಖರ್ಚೂ ಆಗಲಿಲ್ಲ. ಯಂತ್ರದೊಳಗೆ 64 ಬಿಟ್ಟಿನ ದೊಡ್ಡ ಮೀಟರು ಇದ್ದೇ ಇತ್ತು. ಅದೇ ವೇಗದಲ್ಲಿ ಅದು ಒಂದು ಸುತ್ತು ಮುಗಿಸಲು 4,600 ವರ್ಷಗಳಿಗೂ ಹೆಚ್ಚು ಬೇಕು. ಆದರೆ ಅಂಕಿಯನ್ನು ಕೇಳುವ ಎಸ್.ಎನ್.ಎಂ.ಪಿ. ಪದ್ಧತಿಯ ಮೊದಲ ಆವೃತ್ತಿಗೆ ಆ ಮೀಟರನ್ನು ಓದಲು ಬಾರದು. ಎರಡನೆಯ ಆವೃತ್ತಿಗೆ ಬದಲಿಸಿದೆವು. ಮರುದಿನ ಹತ್ತು ಗಂಟೆಗೆ ಗೆರೆ ನೆತ್ತಿಗೇರಿ ನಿಂತಿತು. ಹುಡುಕಿದಾಗ, ರಾತ್ರಿ ನಡೆಯಬೇಕಾದ ಹಳೆಯ ದಾಖಲೆಗಳ ನಕಲು ಬೆಳಗಿನಲ್ಲೇ ನಡೆಯುತ್ತಿದ್ದುದು ಪತ್ತೆಯಾಯಿತು. ಅದನ್ನು ರಾತ್ರಿಗೆ ಸರಿಸಿದ ಮೇಲೆ ಚಿತ್ರಗಳು ನಿಮಿಷದೊಳಗೆ ತಲುಪತೊಡಗಿದವು.

ಅಧಿಕಾರಿಗಳು ದೊಡ್ಡ ಮನಸ್ಸಿನವರು. ಪತ್ರವನ್ನು ಹರಿದುಹಾಕಿ, ಆಕೆಯನ್ನು ಕರೆಸಿ ನಾಲ್ಕು ಒಳ್ಳೆಯ ಮಾತನಾಡಿದರು. ಮೀಟರಂತೂ ಸುಳ್ಳು ಹೇಳಿರಲಿಲ್ಲ. ತನಗೆ ತಿಳಿದಷ್ಟನ್ನು ಹೇಳಿತ್ತು. ಎಷ್ಟು ಸುತ್ತು ಬಂದೆ ಎಂದು ಅದನ್ನು ಯಾರೂ ಕೇಳಿರಲಿಲ್ಲ. ದಿನವೂ ಆ ದಾರಿಯಲ್ಲಿ ಕೆಲಸ ಮಾಡುವವರ ಮಾತಿಗೂ ಯಂತ್ರದ ಅಂಕಿಗೂ ತಾಳೆಯಾಗದಿದ್ದರೆ, ಮೊದಲು ಅಂಕಿಯನ್ನು ಪರೀಕ್ಷಿಸುವುದೇ ನ್ಯಾಯ. ಅಂಕಿಗೆ ಅವಮಾನವಾಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ.