ಹರಿಹರದ ಹೊಳೆದಂಡೆ

ವಿರಾಮವೆಂದೊಡನೆ ಪಟ್ಟಣಿಗರ ಮನಸ್ಸು ಕಡಲ ಕಡೆಗೆ ಹರಿಯುತ್ತದೆ. ಗೋಕರ್ಣ, ಮಲ್ಪೆಗಳ ಮರಳ ತೀರಗಳೂ, ಪತ್ರಿಕೆಗಳ ಚಿತ್ರಪುಟಗಳಲ್ಲಿ ಕಾಣುವ ದೂರದ ಮೆಕ್ಸಿಕೋ ದೇಶದ ಪುಟ್ಟ ಕರಾವಳಿ ಊರುಗಳೂ ಆ ಕನಸಿನ ಕೇಂದ್ರಗಳು. ಆದರೆ ದಾವಣಗೆರೆಯ ಗೃಹಸ್ಥನಿಗೆ ಕಡಲೆಂಬುದು ಘಟ್ಟದಾಚೆಯ ಮಾತು. ಅವನ ಪಾಲಿಗೆ ಸುಮಾರು 14 ಕಿಲೋಮೀಟರ್ ದೂರದಲ್ಲಿ ಒಂದು ಹೊಳೆಯೂ, ಅದರ ದಂಡೆಯಲ್ಲೊಂದು ಊರೂ ಇವೆ. ಅದೇ ಹರಿಹರ.

ದಾವಣಗೆರೆ ವ್ಯಾಪಾರದ ನಗರಿ. ಹತ್ತಿ ಗಿರಣಿಗಳಿಂದ ಹೆಸರಾದ ಊರು, ಅವುಗಳ ಸದ್ದಡಗಿದ ಮೇಲೂ ಮಂಡಿ, ಕಾಲೇಜು, ಆಸ್ಪತ್ರೆಗಳ ಗಡಿಬಿಡಿಯಲ್ಲಿ ಮುಳುಗಿದೆ. ಅಲ್ಲಿನ ಪ್ರಸಿದ್ಧ ಬೆಣ್ಣೆ ದೋಸೆಯನ್ನು ಸಹ ಸಾವಕಾಶವಾಗಿ ಮೆಲ್ಲುವಂತಿಲ್ಲ. ಬೆನ್ನ ಹಿಂದೆ ಕಾದು ನಿಂತವರ ಕಣ್ಣು ತಟ್ಟೆಯ ಮೇಲೆಯೇ ಇರುತ್ತದೆ. ಹರಿಹರದಲ್ಲಿ ರೈಲಿಳಿದು ಪೇಟೆಯನ್ನು ದಾಟಿ ಹೊಳೆಯತ್ತ ನಡೆದವನಿಗೆ ಈ ಆತುರ ತಾನಾಗಿಯೇ ಸಡಿಲಗೊಳ್ಳುತ್ತದೆ.

ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಇಲ್ಲಿಗೆ ಬರುವ ವೇಳೆಗೆ ಮಲೆನಾಡಿನ ರಭಸವನ್ನು ಮರೆತು ಅಗಲವಾಗಿ, ಮಂದವಾಗಿ ಹರಿಯುತ್ತಾರೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರೆ ಇಲ್ಲಿಯೇ ಬಂದು ಕೂಡುತ್ತಾಳೆ. 1956ರವರೆಗೆ ಈ ದಂಡೆ ಮೈಸೂರು ಸಂಸ್ಥಾನ, ಎದುರಿನ ದಂಡೆ ಮುಂಬಯಿ ಪ್ರಾಂತ. 1868ರಲ್ಲಿ ಕಟ್ಟಿದ ಕಮಾನುಗಳ ಸೇತುವೆ ದಂಡೆಗಳನ್ನು ಬೆಸೆಯಿತು. ಏಕೀಕರಣ ನಾಡುಗಳನ್ನು ಬೆಸೆಯಿತು.

ಬೆಸುಗೆಯೇ ಈ ಕ್ಷೇತ್ರದ ಸ್ವಭಾವವೆನ್ನಬೇಕು. ಹರಿಯಿಂದಾಗಲಿ ಹರನಿಂದಾಗಲಿ ಮರಣವಿಲ್ಲವೆಂಬ ವರ ಪಡೆದ ಗುಹಾಸುರನನ್ನು ಅವರಿಬ್ಬರೂ ಏಕದೇಹಿಗಳಾಗಿ ಮರ್ದಿಸಿದರೆಂಬುದು ಸ್ಥಳಪುರಾಣ. ಗರ್ಭಗುಡಿಯ ನಿಂತ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಸುಮಾರು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಈ ದೇವಾಲಯವನ್ನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಅದನ್ನು ವಿಸ್ತರಿಸಿದನು. ತೆರೆದ ಮಂಟಪದ ತಂಪು ಕಲ್ಲಾಸನಗಳಲ್ಲಿ ಕುಳಿತು, ತಿರುಗಣೆಯಲ್ಲಿ ಕಡೆದ ಕಂಬಗಳ ನುಣುಪನ್ನು ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಲದು.

ಆ ಕಂಬಗಳ ಊರಿಗೆ ಏಳು ಶತಮಾನಗಳ ಬಳಿಕ ತಿರುಗಣೆಯೇ ಅನ್ನವಿತ್ತುದು ವಿಧಿಯ ಚಮತ್ಕಾರ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಾದ್ಯಂತ ಹರಿಹರದ ಹೆಸರನ್ನು ಸಾರಿದವು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ನಿಂತುಹೋಯಿತು. ಪ್ರವಾಸಿಯು ಮೆಚ್ಚುವ ನಿಶ್ಶಬ್ದದಲ್ಲಿ ಒಂದಂಶವು ಹೀಗೆ ದುಡಿಮೆ ಕಳೆದುಕೊಂಡ ಮನೆಗಳದೆಂಬುದನ್ನು ಮರೆಯುವಂತಿಲ್ಲ.

ಹೊಳೆಯ ನೆಮ್ಮದಿಯೂ ಅಷ್ಟು ನಿಶ್ಚಿತವಲ್ಲ. ಕಾರ್ಖಾನೆಯ ತ್ಯಾಜ್ಯದಿಂದ ನೀರು ಕೆಟ್ಟು ಮೀನುಗಳು ಸತ್ತಾಗ, 1980ರ ದಶಕದಲ್ಲಿ ಎದುರು ದಂಡೆಯ ಹಳ್ಳಿಗರೂ ಮೀನುಗಾರರೂ ಹೋರಾಟಕ್ಕಿಳಿದಿದ್ದರು. ಊರಿನ ಕೊಳೆ, ಭಕ್ತರು ಬಿಟ್ಟುಹೋಗುವ ಬಟ್ಟೆ, ಮರಳಿನ ಆಸೆ—ಇವು ಇಂದಿಗೂ ಹೊಳೆಯ ಶತ್ರುಗಳೇ. ಮರಳು ತೆಗೆದಲ್ಲಿ ಉಳಿಯುವ ಗುಂಡಿಗಳು ಈಜು ಬಲ್ಲವರಿಗೂ ಅಪಾಯಕಾರಿ.

ಹೋಗುವವರಿಗೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಹೊಳೆ ಉಕ್ಕುತ್ತದೆ; ಬೇಸಿಗೆಯಲ್ಲಿ ಬಂಡೆಗಳ ನಡುವೆ ಬಡವಾಗುತ್ತದೆ. ಬುತ್ತಿಯೊಡನೆ ಒಂದಿಷ್ಟು ದಾವಣಗೆರೆಯ ಮಂಡಕ್ಕಿಯಿದ್ದರೆ ಮಕ್ಕಳೂ ಸಂತುಷ್ಟರು. ಬಂದವರು ಬುತ್ತಿಯ ಕಾಗದವನ್ನು ಹೊಳೆಗೆಸೆಯದೆ ಮನೆಗೆ ಮರಳಿ ಒಯ್ದರೆ, ಅದೇ ಇಲ್ಲಿ ಸಲ್ಲಿಸಬಹುದಾದ ದೊಡ್ಡ ಪೂಜೆ. ಮುಂದಿನ ಭಾನುವಾರ ಬರುವ ಇನ್ನೊಂದು ಸಂಸಾರಕ್ಕೂ ಆ ನೀರು ಬೇಕಲ್ಲವೆ?